ಬಸ್ಸಿನಲ್ಲಿ ನಾನು ನಿನ್ನ ಅಮ್ಮನಲ್ಲ

ಶಾಲೆಯ ಬಸ್ಸಿನ ಎಂಜಿನ್ನು ಬಿಸಿಯಾಗುವುದಕ್ಕೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಅಷ್ಟರಲ್ಲಿ ನೋರೀನ್ ಲಾವಲೀ ದೀಪಗಳನ್ನೆಲ್ಲ ಹಚ್ಚಿ ನೋಡಿ, ಟೈರುಗಳನ್ನು ಒಂದೊಂದಾಗಿ ಬೂಟುಗಾಲಿನಿಂದ ಒದ್ದು, ಹಿಂಬದಿಯ ತುರ್ತು ಬಾಗಿಲನ್ನು ತೆಗೆದು ಮುಚ್ಚಿ, ಸೀಟುಗಳ ನಡುವೆ ಕೊನೆಯವರೆಗೂ ಹೋಗಿ ಬರುತ್ತಿದ್ದಳು. ಹದಿನಾಲ್ಕು ವರ್ಷ ಮಾಡಿದ ಕೆಲಸ. ಕೈಕಾಲಿಗೆ ಅವಳ ಅಗತ್ಯವೇ ಇರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕೈಕಾಲು ತಮ್ಮ ಪಾಡಿಗೆ ತಾವು ದುಡಿಯುವಾಗ ತಲೆಯೊಳಗೆ ಏನು ಬೇಕಾದರೂ ಬಂದು ಕೂರಬಹುದು. ಇವತ್ತು ಅಲ್ಲಿ ಬಂದು ಕೂತದ್ದು ಒಂದು ತಾರೀಖು. ಜನವರಿ ಹತ್ತೊಂಬತ್ತು. ಅದನ್ನು ಎಬ್ಬಿಸಿ ಕಳಿಸುವುದಕ್ಕೆ ಅವಳು ಟೈರುಗಳನ್ನು ಎರಡನೇ ಸಲ ಒದ್ದಳು. ಚಾಲಕರ ಹಳದಿ ಅಂಗಿಯ ಒಳಗೆ ಅವಳು ನೀಲಿ ರೇಷ್ಮೆಯ ಕುಪ್ಪಸ ಹಾಕಿದ್ದಳು. ಹತ್ತೂವರೆಗೆ ನ್ಯಾಯಾಲಯದಲ್ಲಿರಬೇಕು, ಮಧ್ಯೆ ಮನೆಗೆ ಹೋಗಿ ಬಟ್ಟೆ ಬದಲಾಯಿಸಲು ಸಮಯ ಸಾಲದು. ಕುಪ್ಪಸದ ಕತ್ತುಪಟ್ಟಿ ತಣ್ಣಗೆ ಕತ್ತಿಗೆ ತಾಗಿದಾಗಲೆಲ್ಲ, ಯಾರದೋ ಮದುವೆಗೆ ಹೊರಟವಳ ಹಾಗೆ ಕಾಣುತ್ತಿದ್ದೇನೋ ಏನೋ ಎಂದು ನಾಚಿಕೆಯಾಗುತ್ತಿತ್ತು.

ಶೆಡ್ಡಿನ ಮೇಸ್ತ್ರಿ ಅರ್ಲನ್ ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದುಕೊಂಡು ಬಂದ. ಅವನ ಗಡ್ಡದ ಮೇಲೆ ಉಸಿರು ಹೆಪ್ಪುಗಟ್ಟಿತ್ತು. ಒಂದು ಲೋಟ ಕೊಟ್ಟು, ಇನ್ನೊಂದನ್ನು ತಾನೇ ಹೀರುತ್ತ, ಹವೆಯ ಬಗ್ಗೆ ನಾಲ್ಕು ಮಾತಾಡಿದ. ಮೇಪಲ್ ಮರಗಳಿಂದ ಈ ವರ್ಷ ಬೇಗ ಸಿಹಿರಸ ಸೋರುತ್ತಿದೆ, ಹಗಲು ಬಿಸಿಲು ಬಿದ್ದರೆ ರಸ್ತೆ ಕೆಸರಾಗುತ್ತೆ ಅಂದ. ಆಮೇಲೆ ತಾನು ಹೇಳಬೇಕೆಂದು ಬಂದದ್ದನ್ನು ಹೇಳಿದ.

“ಒಂದೇ ಮಾತು ಸಾಕು ಕಣೆ ನೋರೀನ್. ಆ ರಾತ್ರಿ ಮಗಳು ನಮ್ಮನೇಲೇ ಮಲಗಿದ್ಲು ಅಂದ್ಬಿಡು. ಅರ್ಜಿ ಅಲ್ಲೇ ಬಿದ್ದೋಗುತ್ತೆ. ನಮ್ಮಕ್ಕನ ಮಗಂದು ಹಾಗೇ ಆಗಿದ್ದು.”

“ಆಮೇಲೆ?”

“ಆಮೇಲೇನು, ವಾಪಸ್ ಬಂದ. ಹದಿನೆಂಟು ತುಂಬೋವರೆಗೂ ಮನೇಲೇ ಇದ್ದ.”

ಹದಿನೆಂಟು ತುಂಬಿದ ಮೇಲಿನ ಕಥೆಯನ್ನು ಅರ್ಲನ್ ಹೇಳಲಿಲ್ಲ. ಅವಳಿಗದು ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು, ಆ ಹುಡುಗ ಹುಟ್ಟುಹಬ್ಬದ ಕೇಕು ಕತ್ತರಿಸುವುದಕ್ಕೂ ನಿಲ್ಲದೆ ಹೋದವನು, ಇವತ್ತಿನವರೆಗೆ ಒಂದು ಕಾಗದ ಬರೆದಿಲ್ಲ. ನೋರೀನ್ ಕಾಫಿ ಕುಡಿದು ಲೋಟ ವಾಪಸು ಕೊಟ್ಟಳು.

ಕಾನೂನು ಸರಳವಾಗಿತ್ತು. ನ್ಯಾಯಾಲಯದಿಂದ ಬಂದ ಲಕೋಟೆಯಲ್ಲಿ ಅದನ್ನು ಮಕ್ಕಳಿಗೂ ಅರ್ಥವಾಗುವ ಹಾಗೆ ಬರೆದಿದ್ದರು, ಅದು ಮಕ್ಕಳಿಗಾಗಿಯೇ ಇರುವ ಕಾನೂನಾದ್ದರಿಂದ. ಹದಿನಾರು ತುಂಬಿದ ಹುಡುಗನೋ ಹುಡುಗಿಯೋ ತಂದೆತಾಯಿಯ ಮನೆ ಬಿಟ್ಟು ಮೂರು ತಿಂಗಳು ಬೇರೆ ವಾಸವಿದ್ದು, ತನ್ನ ಊಟ ತಾನು ದುಡಿದುಕೊಂಡು, ಶಾಲೆಯಲ್ಲಿ ಪಾಸಾಗುತ್ತ ಇದ್ದರೆ, ತನ್ನನ್ನು ಅವರಿಂದ ಬಿಡಿಸಿಕೊಡಿ ಎಂದು ಕೇಳಬಹುದು. ನ್ಯಾಯಾಧೀಶರು ಒಪ್ಪಿದರೆ ಅವತ್ತಿನಿಂದ ಆ ಮಗು ದೊಡ್ಡವರ ಲೆಕ್ಕ. ನೋರೀನಳ ಮಗಳು ಡಾರ್ಸಿ ನವೆಂಬರಿನಲ್ಲಿ ಮನೆ ಬಿಟ್ಟಿದ್ದಳು. ಫೆಬ್ರವರಿಗೆ ಮೂರು ತಿಂಗಳಾಗಿತ್ತು, ಆ ವಾರವೇ ಅರ್ಜಿ ಹಾಕಿದ್ದಳು. ಅವಳ ಅಪ್ಪ ಡಾರ್ಸಿಗೆ ಮೂರು ವರ್ಷವಾಗಿದ್ದಾಗ ಕೆನಡಾದ ಎಣ್ಣೆಬಾವಿಗಳ ಕಡೆ ಹೋದವನು. ಅವನು ಒಪ್ಪಿಗೆಗೆ ಸಹಿ ಮಾಡಿ ಅಂಚೆಯಲ್ಲಿ ಕಳಿಸಿದ್ದ, ಒಂದು ಮಾತೂ ಬರೆಯದೆ. ಅರ್ಜಿಯಲ್ಲಿ ಕಾರಣ ಬರೆಯಲು ಆರು ಗೆರೆ ಜಾಗವಿತ್ತು. ಡಾರ್ಸಿ ಎರಡು ಗೆರೆಯಲ್ಲಿ ಮುಗಿಸಿದ್ದಳು. ನನ್ನ ತಾಯಿ ಕೆಟ್ಟವರಲ್ಲ. ನನ್ನ ಪರವಾಗಿ ನಿಲ್ಲುವುದು ಅವರಿಗೆ ಅಭ್ಯಾಸವಿಲ್ಲ. ನೋರೀನ್ ಈ ಎರಡು ಗೆರೆಯನ್ನು ಅಡುಗೆಮನೆಯಲ್ಲಿ ನಿಂತು ಓದಿದ್ದಳು, ಸ್ನಾನದ ಮನೆಯಲ್ಲಿ ಓದಿದ್ದಳು, ಬಸ್ಸು ನಿಲ್ಲಿಸಿಕೊಂಡು ಓದಿದ್ದಳು. ಖಾಲಿ ಬಿಟ್ಟ ನಾಲ್ಕು ಗೆರೆಗಳೇ ಹೆಚ್ಚು ಚುಚ್ಚುತ್ತಿದ್ದವು. ಬೈದು ತುಂಬಿಸಿದ್ದರೆ ಜಗಳವಾಡಬಹುದಿತ್ತು.

ಗುಡ್ಡದ ರಸ್ತೆಯಲ್ಲಿ ಬಸ್ಸು ಏರುತ್ತಿದ್ದಾಗ ಇನ್ನೂ ಕತ್ತಲಿತ್ತು. ಮೊದಲ ಮೂರು ನಿಲುಗಡೆಗಳಲ್ಲಿ ಏಳು ಮಕ್ಕಳು ಹತ್ತಿದರು. ಒಂದನೇ ತರಗತಿಯ ಮೇಬೆಲ್ ಬಂದು ಚಾಲಕಿಯ ಬೆನ್ನಹಿಂದಿನ ಸೀಟಿನಲ್ಲಿ ಕೂತು, ತನ್ನ ಹಲ್ಲೊಂದು ಅಲ್ಲಾಡುತ್ತಿರುವುದನ್ನು ನಾಲಿಗೆಯಿಂದ ಆಡಿಸಿ ತೋರಿಸಿದಳು. ಆ ಸೀಟು ಒಂದು ಕಾಲಕ್ಕೆ ಡಾರ್ಸಿಯದು. ಶಿಶುವಿಹಾರಕ್ಕೆ ಹೋಗುವ ವಯಸ್ಸಿನಲ್ಲಿ ನೋರೀನ್ ಅವಳನ್ನು ಬೆಳಿಗ್ಗೆ ಐದೂವರೆಗೇ ಎಬ್ಬಿಸಿ, ಕಂಬಳಿ ಸಮೇತ ಎತ್ತಿಕೊಂಡು ಬಂದು ಅಲ್ಲಿ ಕೂರಿಸುತ್ತಿದ್ದಳು. ಎಲ್ಲರಿಗಿಂತ ಮೊದಲು ಹತ್ತುವುದು, ಎಲ್ಲರಿಗಿಂತ ಕೊನೆಗೆ ಇಳಿಯುವುದು. ಮೊದಲ ದಿನವೇ ಎಂಜಿನ್ನು ಬಿಸಿಯಾಗುತ್ತಿದ್ದಾಗ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ್ದಳು: ಬಸ್ಸಿನಲ್ಲಿ ನಾನು ನಿನ್ನ ಅಮ್ಮನಲ್ಲ, ಮಿಸೆಸ್ ಲಾವಲೀ. ಎಲ್ಲರೂ ಹೇಗೆ ಕರೀತಾರೋ ನೀನೂ ಹಾಗೇ ಕರೀಬೇಕು. ಮಗು ಅದನ್ನು ಆಟ ಅಂದುಕೊಂಡಿತು. ಇಳಿಯುವ ಮೆಟ್ಟಿಲ ಮೇಲೆ ನಿಂತು, ಈಗ ಅಮ್ಮನಾ, ಎಂದು ಕೇಳುತ್ತಿತ್ತು; ಒಂದು ಮೆಟ್ಟಿಲಿಳಿದು, ಈಗ ಅಮ್ಮನಾ; ನೆಲಕ್ಕೆ ಕಾಲಿಟ್ಟ ಮೇಲೆ, ಈಗ. ಚಾಲಕರ ಮಕ್ಕಳಿಗೆ ಬಸ್ಸಿನಲ್ಲಿ ಸಲಿಗೆ ಎಂದು ಯಾರೂ ಬಾಯಿ ಬಿಡಬಾರದು. ಅದಕ್ಕೆ ಬೇರೆ ಮಕ್ಕಳಿಗೆ ಎರಡು ಸಲ ಹೇಳಿ ಬಿಡುತ್ತಿದ್ದ ತಪ್ಪಿಗೆ ಡಾರ್ಸಿಗೆ ಒಂದೇ ಸಲಕ್ಕೆ ದೂರಿನ ಚೀಟಿ ಬರೆಯುತ್ತಿದ್ದಳು. ಊರಿನವರು ಇದನ್ನು ಮೆಚ್ಚಿದರು. ನೋರೀನ್ ನ್ಯಾಯಸ್ಥೆ ಅಂದರು. ಆ ಮಾತು ಕಿವಿಗೆ ಬಿದ್ದ ದಿನ ಅವಳು ಹಿಗ್ಗಿ ಹೋಗಿದ್ದಳು.

ಪೆಕ್ ಮುದುಕಿಯ ಆಡಿನ ಕೊಟ್ಟಿಗೆಯ ಮುಂದೆ ದೀಪ ಉರಿಯುತ್ತಿತ್ತು. ಅದರ ಕೆಳಗೆ ಡಾರ್ಸಿ ನಿಂತಿದ್ದಳು, ಬೆನ್ನಿಗೆ ಚೀಲ, ತಲೆಗೆ ಉಣ್ಣೆಯ ಟೊಪ್ಪಿಗೆ. ಬೆಳಗಿನ ಹಾಲು ಕರೆದು ಮುಗಿಸಿ ಬಂದಿರುತ್ತಾಳೆ. ಕರೆಯುವುದಕ್ಕೆ ಪ್ರತಿಯಾಗಿ ಮುದುಕಿ ಊಟ ಕೊಟ್ಟು, ಗ್ಯಾರೇಜಿನ ಮೇಲಿನ ಕೋಣೆ ಬಿಟ್ಟುಕೊಟ್ಟಿದ್ದಾಳೆ. ನೋರೀನ್ ಬಾಗಿಲು ತೆಗೆದಳು. ಆಡಿನ ಮೈಯ ವಾಸನೆ ಮೊದಲು ಒಳಗೆ ಬಂತು, ಆಮೇಲೆ ಮಗಳು.

“ಗುಡ್ ಮಾರ್ನಿಂಗ್, ಮಿಸೆಸ್ ಲಾವಲೀ.”

“ಗುಡ್ ಮಾರ್ನಿಂಗ್.”

ದಿನಾ ಇಷ್ಟೇ. ದನಿಯಲ್ಲಿ ಕೊಂಕಿಲ್ಲ, ಕೋಪವಿಲ್ಲ. ಕಲಿಸಿದ ಪಾಠವನ್ನು ಒಪ್ಪಿಸುವವರ ಶುದ್ಧ ದನಿ. ಡಾರ್ಸಿ ಹಿಂದಕ್ಕೆ, ಹನ್ನೊಂದನೇ ಸಾಲಿಗೆ ನಡೆದಳು. ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ನೋರೀನ್ ಅವಳು ಕೂರುವವರೆಗೂ ನೋಡಿದಳು. ಕೂರುವವರೆಗೆ ಬಸ್ಸು ಬಿಡಬಾರದೆಂಬ ನಿಯಮವಿದೆ, ಆ ನಿಯಮವನ್ನು ಮಾಡಿದವರಿಗೆ ದೇವರು ಒಳ್ಳೆಯದು ಮಾಡಲಿ. ಕೂತ ಮೇಲೂ ಒಂದು ಗಳಿಗೆ ನೋಡಿದಳು. ಟೊಪ್ಪಿಗೆ ತೆಗೆದಾಗ ಕಾಣಿಸುವುದು ಮೊಂಡು ಕೂದಲು. ಜಡೆ ಅಕ್ಟೋಬರಿನಲ್ಲೇ ಹೋಯಿತು.

ಜಡೆಯಿಂದಲೇ ಎಲ್ಲ ಶುರುವಾಗಿದ್ದು. ಗ್ರಾಡಿ ಎಂಬ ಹುಡುಗ ಹಿಂದಿನ ಸೀಟಿನಲ್ಲಿ ಕೂತು, ಸದ್ದಿಲ್ಲದೆ ಅವಳ ಜಡೆಯ ತುದಿಯನ್ನು ಸೀಟಿನ ಕಂಬಿಗೆ ಬಿಗಿದು ಗಂಟುಹಾಕುತ್ತಿದ್ದ. ಇಳಿಯಲು ಎದ್ದಾಗ ತಲೆ ಜಗ್ಗಿ ಅವಳು ಹಿಂದಕ್ಕೆ ಬೀಳಬೇಕು, ಎಲ್ಲರೂ ನಗಬೇಕು. ಮೂರು ದಿನ ಹೀಗೆ ಮಾಡಿದ. ನಾಲ್ಕನೇ ದಿನ ಡಾರ್ಸಿ ಗಂಟು ಬಿಚ್ಚದೆ, ಕೂತಲ್ಲಿಂದಲೇ ತಿರುಗಿ, ಸ್ಟೀಲಿನ ನೀರಿನ ಬಾಟಲಿಯಿಂದ ಅವನ ಮೂತಿಗೆ ಬೀಸಿದಳು. ತುಟಿ ಹರಿದು ಎರಡು ಹಲ್ಲು ಹೋದವು. ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಚಾಲಕಿಯನ್ನು ಕೇಳಿದರು: ಅದಕ್ಕೆ ಮುಂಚೆ ಹುಡುಗ ಏನಾದರೂ ಮಾಡಿದ್ದನ್ನು ನೀವು ನೋಡಿದಿರಾ. ಅವಳು ನೋಡಿದ್ದಳು. ಮೂರು ದಿನವೂ ನೋಡಿದ್ದಳು. ಕೊನೆಯ ದಿನ ಗ್ರಾಡಿಯ ಬೆರಳು ಗಂಟು ಬಿಗಿಯುತ್ತಿದ್ದಾಗ ಕನ್ನಡಿಯಲ್ಲಿ ಮಗಳ ಕಣ್ಣು ಅವಳ ಕಣ್ಣಿಗೆ ಸಿಕ್ಕಿತ್ತು. ಮಗಳು ಕಾದಿದ್ದಳು, ಒಂದು ತಿರುವು ಪೂರ್ತಿ ಕಳೆಯುವಷ್ಟು ಹೊತ್ತು ಕಾದಿದ್ದಳು. ಆ ತಿರುವಿನಲ್ಲಿ ನೋರೀನಳ ತಲೆಯಲ್ಲಿ ಓಡಿದ್ದು ಇಷ್ಟೇ: ಈಗ ಬಸ್ಸು ನಿಲ್ಲಿಸಿದರೆ ನನ್ನ ಮಗಳಿಗೋಸ್ಕರ ನಿಲ್ಲಿಸಿದ ಹಾಗಾಗುತ್ತೆ. ಪ್ರಿನ್ಸಿಪಾಲರಿಗೆ ಅವಳು ಹೇಳಿದಳು, ನಾನು ರಸ್ತೆ ನೋಡ್ತಿದ್ದೆ ಸರ್. ಡಾರ್ಸಿ ಪಕ್ಕದ ಕುರ್ಚಿಯಲ್ಲೇ ಇದ್ದಳು. ತಲೆ ಎತ್ತಲಿಲ್ಲ, ಅಳಲಿಲ್ಲ, ಅಲ್ಲಿಂದಲೇ ಏನೋ ಮಡಿಚಿ ಒಳಗಿಟ್ಟುಕೊಂಡವಳ ಹಾಗೆ ಸುಮ್ಮನಾದಳು. ಹತ್ತು ದಿನ ಬಸ್ಸಿಗೆ ಬರಬಾರದೆಂದು ಅವಳಿಗೆ ಶಿಕ್ಷೆಯಾಯಿತು. ಆ ಹತ್ತು ದಿನ ಅವಳನ್ನು ಶಾಲೆಗೆ ಬಿಟ್ಟದ್ದು ಪೆಕ್ ಮುದುಕಿಯ ಹಳೇ ಟ್ರಕ್ಕು. ನಡೆದು ಹೋಗುತ್ತಿದ್ದ ಹುಡುಗಿಯನ್ನು ಕಂಡು ಮುದುಕಿ ನಿಲ್ಲಿಸಿದಳಂತೆ. ಏನೂ ಕೇಳಲಿಲ್ಲವಂತೆ. ಆಡು ಕರೆಯೋಕೆ ಬರುತ್ತಾ ಅಂತ ಮಾತ್ರ ಕೇಳಿದಳಂತೆ.

ಹೊಳೆಯ ಸೇತುವೆ ದಾಟಿತು. ಎರಡು ನಿಲುಗಡೆ ಕಳೆಯಿತು. ಮಕ್ಕಳ ಗಲಾಟೆ ಏರುತ್ತಿತ್ತು. ನೋರೀನ್ ನ್ಯಾಯಾಧೀಶರು ಕೇಳಬಹುದಾದ ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿಕೊಂಡು, ಎರಡು ಥರ ಉತ್ತರ ಹೇಳಿಕೊಳ್ಳುತ್ತಿದ್ದಳು. ಹೌದು, ಒಂದು ರಾತ್ರಿ ಬಂದಿದ್ದಳು. ಇಲ್ಲ, ಬಂದಿಲ್ಲ. ಹೌದು ಎಂದರೆ ಸತ್ಯ. ಸತ್ಯ ಹೇಳಿ ಮಗಳನ್ನು ಕಟ್ಟಿಹಾಕಿದ ಹಾಗಾಗುತ್ತದೆ. ಇಲ್ಲವೆಂದರೆ ಬಿಟ್ಟುಕೊಟ್ಟ ಹಾಗಾಗುತ್ತದೆ, ಆದರೆ ಅದು ಮತ್ತೊಂದು ಸುಳ್ಳು, ಅದೇ ಮಗಳೆದುರು. ಯಾವ ಉತ್ತರದಲ್ಲೂ ತಾನು ಒಳ್ಳೆಯವಳಾಗಿ ಉಳಿಯುವುದಿಲ್ಲ ಎಂದು ಗೊತ್ತಾದಾಗ ಅವಳಿಗೆ ಒಂದು ರೀತಿಯ ನಿರಾಳವೂ ಆಯಿತು. ಆ ಹೊತ್ತಿಗೆ ಕೈ ತಾನಾಗಿ ಹಳದಿ ದೀಪದ ಗುಂಡಿ ಒತ್ತಿತು, ಕಾಲು ಬ್ರೇಕಿನ ಮೇಲೆ ಕೂತಿತು, ಬಸ್ಸು ಮೆಲ್ಲಗೆ ನಿಂತಿತು. ಕೆಂಪು ದೀಪಗಳು ಮಿನುಗಿದವು, ಮಕ್ಕಳು ಹತ್ತುವಾಗ ಯಾವ ಗಾಡಿಯೂ ದಾಟಬಾರದೆಂದು ಪಕ್ಕದಿಂದ ತಡೆಯ ಫಲಕ ಹೊರಚಾಚಿತು. ಎದುರಿಗೆ ಬರುತ್ತಿದ್ದ ಹಾಲಿನ ಟ್ಯಾಂಕರು ನಿಂತಿತು. ಹಿಂದೆ ಎರಡು ಕಾರು ನಿಂತವು. ಬಾಗಿಲು ತೆರೆದುಕೊಂಡಿತು. ಹೊರಗೆ ಹಿಮದ ರಾಶಿಯ ನಡುವೆ ಸವೆದ ಕಾಲುದಾರಿ, ಅದರ ಕೊನೆಗೆ ಜಗಲಿ, ಜಗಲಿಯ ಮೇಲೆ ಆರಿಸದೆ ಬಿಟ್ಟ ದೀಪ. ಅದು ಅವಳದೇ ಮನೆ.

ಯಾರೂ ಹತ್ತಲಿಲ್ಲ. ಗಲಾಟೆ ನಿಂತಿತು. ಐದು ವರ್ಷ ದಿನಾ ಬೆಳಿಗ್ಗೆ ಇಲ್ಲಿ ನಿಲ್ಲಿಸಿದ್ದಳು. ದೊಡ್ಡವಳಾದ ಮೇಲೆ ಡಾರ್ಸಿ ಮನೆಯಲ್ಲೇ ಅರ್ಧ ಗಂಟೆ ಹೆಚ್ಚು ಮಲಗಿ, ಬ್ರೆಡ್ಡಿನ ಚೂರು ಬಾಯಲ್ಲಿಟ್ಟುಕೊಂಡು ಆ ಕಾಲುದಾರಿಯಲ್ಲಿ ಓಡಿಬರುತ್ತಿದ್ದಳು. ನವೆಂಬರಿನಿಂದ ಈಚೆಗೆ ಒಂದು ದಿನವೂ ಕೈ ತಪ್ಪಿರಲಿಲ್ಲ. ಟ್ಯಾಂಕರಿನ ಚಾಲಕ ಬಾಗಿ ನೋಡುತ್ತಿದ್ದ, ಯಾವ ಮಗು ತಡಮಾಡುತ್ತಿದೆ ಎಂದು. ನೋರೀನಳ ಕೈ ಬಾಗಿಲಿನ ಹಿಡಿಯ ಮೇಲಿತ್ತು, ಎಳೆಯಲು ಬರುತ್ತಿರಲಿಲ್ಲ. ಮುಚ್ಚಿದರೆ ತಪ್ಪು ಒಪ್ಪಿಕೊಂಡ ಹಾಗೆ. ತೆರೆದೇ ಇಟ್ಟರೆ ಕಾದ ಹಾಗೆ. ಬೆನ್ನ ಹಿಂದಿನಿಂದ ಮೇಬೆಲ್, “ಯಾರು ಬರಬೇಕು ಮಿಸ್?” ಎಂದಳು. ಹಿಂದಿನಿಂದ ಒಬ್ಬ, ದೆವ್ವ ಹತ್ತಿಸ್ಕೋತಿದ್ದಾರೆ ಕಣ್ರೋ, ಜಾಗ ಬಿಡಿ, ಅಂದ. ಒಂದಿಬ್ಬರು ನಕ್ಕರು, ಉಳಿದವರು ನಗದೆ ಹನ್ನೊಂದನೇ ಸಾಲಿನ ಕಡೆ ತಿರುಗಿ ನೋಡಿದರು. ಆ ನಗದೇ ಇದ್ದದ್ದೇ ಕೆಟ್ಟದ್ದು. ಮಕ್ಕಳಿಗೂ ಎಲ್ಲ ಗೊತ್ತಿದೆ. ಕನ್ನಡಿಯಲ್ಲಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

“ಬಾಗಿಲು ಹಾಕಿ,” ಎಂದು ಹಿಂದಿನಿಂದ ಡಾರ್ಸಿಯ ದನಿ ಬಂತು. “ಚಳಿ ಬರ್ತಿದೆ.”

ಸಿಟ್ಟೋ ಕನಿಕರವೋ ತಿಳಿಯಲಿಲ್ಲ. ಆ ದನಿಗೆ ಕೈ ಮಾತ್ರ ಓಗೊಟ್ಟಿತು. ಬಾಗಿಲು ಮುಚ್ಚಿತು, ಫಲಕ ಒಳಸೇರಿತು, ಟ್ಯಾಂಕರು ಹೊರಟಿತು. ಶಾಲೆ ಬಂತು. ಇಳಿಯುವಾಗ ಡಾರ್ಸಿ ದಿನದ ಹಾಗೆ, ಥ್ಯಾಂಕ್ಸ್ ಮಿಸೆಸ್ ಲಾವಲೀ, ಅಂದಳು. ಮೆಟ್ಟಿಲ ಮೇಲೆ ಅರೆಗಳಿಗೆ ತಡೆದಳೋ, ಇಲ್ಲ ಮುಂದಿನ ಹುಡುಗ ನಿಧಾನ ಮಾಡಿದನೋ.

ನ್ಯಾಯಾಲಯಕ್ಕೆ ತನ್ನ ಕಾರಿನಲ್ಲಿ ಹೋಗುತ್ತ ನೋರೀನ್ ಜನವರಿಯ ಆ ರಾತ್ರಿಯನ್ನು ಮತ್ತೆ ತೆಗೆದು ನೋಡಿದಳು. ಹೆಚ್ಚು ಮುಟ್ಟಿದರೆ ಸವೆದೀತೆಂದು ಆಗಾಗ ಮಾತ್ರ ತೆಗೆಯುತ್ತಿದ್ದಳು. ಊಟದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಸ್ವಂತ ಮನೆಯ ಬಾಗಿಲನ್ನು ಮಗಳು ತಟ್ಟಿದ್ದು. ಪೆಕ್ ಮನೇಲಿ ಕರೆಂಟಿಲ್ಲ, ಹೀಟರ್ ನಿಂತುಹೋಗಿದೆ, ಅಂದಳು ಡಾರ್ಸಿ. ನೋರೀನ್ ಬೇರೇನೂ ಕೇಳಲಿಲ್ಲ, ಕೇಳಿದರೆ ಹೊರಟುಬಿಟ್ಟಾಳೆಂದು. ಬೀನ್ಸ್ ಬಿಸಿ ಮಾಡಿಕೊಟ್ಟಳು. ಡಾರ್ಸಿ ತಿಂದು, ತಟ್ಟೆ ತೊಳೆದಿಟ್ಟು, ತನ್ನ ಕೋಣೆಗೆ ಹೋಗಿ ಮಲಗಿದಳು. ಬೆಳಿಗ್ಗೆ ನೋರೀನ್ ಐದಕ್ಕೆ ಎದ್ದಾಗ ಅವಳು ಆಗಲೇ ಒಲೆಯ ಹತ್ತಿರ ನಿಂತಿದ್ದಳು. ಎರಡು ಮೊಟ್ಟೆ ಹುರಿದುಕೊಟ್ಟರೆ ನಿಂತೇ ತಿಂದಳು. ಆಮೇಲೆ ಬೂಟು ಕಟ್ಟಿಕೊಂಡು, ಮನೆಯ ಹಿಂದಿನ ಕಾಡುದಾರಿಯಲ್ಲಿ, ಮೊಣಕಾಲು ಮಟ್ಟ ಹಿಮದಲ್ಲಿ ಪೆಕ್ ಮುದುಕಿಯ ಮನೆಗೆ ಹೊರಟಳು, ಆ ನಿಲುಗಡೆಯಲ್ಲೇ ಬಸ್ಸು ಹತ್ತುವುದಕ್ಕೆ, ಯಾರಿಗೂ ತಿಳಿಯಬಾರದೆಂದು. ಅದಾದ ಒಂದೂವರೆ ಗಂಟೆಯ ಮೇಲೆ ನೋರೀನ್ ಅಲ್ಲಿ ಬಾಗಿಲು ತೆರೆದಾಗ ಅವಳ ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿತ್ತು. ಗುಡ್ ಮಾರ್ನಿಂಗ್, ಮಿಸೆಸ್ ಲಾವಲೀ. ಆ ಹೊಟ್ಟೆಯಲ್ಲಿ ತಾನು ಹುರಿದ ಮೊಟ್ಟೆ ಇದೆ ಎಂಬ ಗುಟ್ಟು ಬಸ್ಸಿನಲ್ಲಿ ತಮ್ಮಿಬ್ಬರಿಗೇ ಗೊತ್ತಿದ್ದದ್ದು. ಅವತ್ತು ಇಡೀ ದಾರಿ ನೋರೀನ್ ಒಳಗೇ ಹಾಡಿಕೊಂಡಿದ್ದಳು. ಬರೀ ಕರೆಂಟು ಹೋದದ್ದಕ್ಕೆ ಬಂದವಳು ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಹಾಡು ನಿಂತಿರಲಿಲ್ಲ. ಅರ್ಲನ್‌ಗೆ ಆ ರಾತ್ರಿಯ ವಿಷಯ ಹೇಳಿದ್ದೇ ತಪ್ಪು. ಹೇಳಿದ ಮೇಲೆ ಅದು ನೆನಪಾಗಿ ಉಳಿಯಲಿಲ್ಲ, ಸಾಕ್ಷಿಯಾಯಿತು.

ಕೋಣೆ ಚಿಕ್ಕದು. ಉಯಿಲು, ದತ್ತು, ಸತ್ತವರ ಆಸ್ತಿ, ಇಂಥವನ್ನೆಲ್ಲ ನೋಡುವ ನ್ಯಾಯಾಲಯ. ನ್ಯಾಯಾಧೀಶೆ ಫೆಂಟನ್ ಅರವತ್ತು ದಾಟಿದ ಹೆಂಗಸು, ಕಪ್ಪು ಗೌನಿನ ಕೆಳಗೆ ಕೆಸರಿನ ಬೂಟು. ಡಾರ್ಸಿಯ ಪಕ್ಕದಲ್ಲಿ ಬಡವರಿಗೆ ನೆರವಾಗುವ ಸಂಸ್ಥೆಯ ಎಳೆಯ ವಕೀಲ, ಹಿಂದೆ ಪೆಕ್ ಮುದುಕಿ, ಕೋಟಿನ ತೋಳಿಗೆ ಒಣಹುಲ್ಲು ಅಂಟಿಸಿಕೊಂಡು. ನೋರೀನಳ ಪಕ್ಕದ ಕುರ್ಚಿ ಖಾಲಿ ಇತ್ತು. ಅವಳು ತನ್ನ ಕೋಟನ್ನು ಅದರ ಮೇಲೆ ಇಟ್ಟಳು, ಯಾರೋ ಇದ್ದ ಹಾಗೆ ಕಾಣಲೆಂದು. ವಕೀಲ ಶಾಲೆಯ ಅಂಕಗಳನ್ನು ತೋರಿಸಿದ. ಮುದುಕಿಯನ್ನು ಕೇಳಿದರೆ, ಹುಡುಗಿ ಕೆಲಸದಲ್ಲಿ ಚೊಕ್ಕ, ನನ್ನ ಆಡುಗಳಿಗೆ ನನಗಿಂತ ಅವಳೇ ಇಷ್ಟ, ಎಂದು ಹೇಳಿ ಕೂತಳು. ನ್ಯಾಯಾಧೀಶೆ ನೋರೀನಳ ಕಡೆ ತಿರುಗಿ, ನಿಮ್ಮ ಆಕ್ಷೇಪಣೆ ಏನಾದರೂ ಇದೆಯಾ ಎಂದು ಮೆತ್ತಗೆ ಕೇಳಿದರು. ಆಕ್ಷೇಪಣೆ. ನೋರೀನಳ ಇಡೀ ಮೈಯೇ ಆಕ್ಷೇಪಣೆಯಾಗಿತ್ತು. ಇಲ್ಲ, ಅಂದಳು.

“ನವೆಂಬರ್ ಇಪ್ಪತ್ನಾಲ್ಕರಿಂದ ಈಚೆಗೆ ನಿಮ್ಮ ಮಗಳು ನಿಮ್ಮ ಮನೇಲಿ ಒಂದು ರಾತ್ರಿನಾದ್ರೂ ಕಳೆದಿದ್ದಾಳಾ, ಮಿಸೆಸ್ ಲಾವಲೀ?”

ಕಿಟಕಿಯಾಚೆ ಚಾವಣಿಯಿಂದ ಕರಗಿದ ಹಿಮ ತೊಟ್ಟಿಕ್ಕುತ್ತಿತ್ತು. ಮಗಳು ಮೇಜನ್ನು ನೋಡುತ್ತಿದ್ದಳು. ಆ ಮೊಂಡು ಕೂದಲಿನ ಹಿಂದೆ, ಕತ್ತಿನಲ್ಲಿ, ಹುಟ್ಟಿದಾಗಿನಿಂದ ಇದ್ದ ಮಚ್ಚೆ. ಜಡೆ ಇದ್ದಾಗ ಅದು ಕಾಣುತ್ತಿರಲಿಲ್ಲ. ಎಷ್ಟೋ ವರ್ಷ ಅದನ್ನು ಮರೆತೇಬಿಟ್ಟಿದ್ದಳು. ಬೇಕೋ, ತೆಗೆದುಕೋ, ಎಂದುಕೊಂಡಳು ನೋರೀನ್. ಆ ರಾತ್ರಿಯನ್ನೂ ತೆಗೆದುಕೋ.

“ಇಲ್ಲ,” ಅಂದಳು. “ಒಂದೂ ಇಲ್ಲ.”

ನ್ಯಾಯಾಧೀಶೆ ಬರೆದುಕೊಳ್ಳಲು ಬಾಗಿದರು. ವಕೀಲ ಕಾಗದ ಜೋಡಿಸಿಕೊಂಡ. ಆಗ ಡಾರ್ಸಿ ಎದ್ದು ನಿಂತಳು. ವಕೀಲ ಅವಳ ತೋಳು ಮುಟ್ಟಿದ, ಅವಳು ಕೊಡವಿದಳು.

“ಜನವರಿ ಹತ್ತೊಂಬತ್ತನೇ ತಾರೀಖು ಅಲ್ಲೇ ಮಲಗಿದ್ದೆ,” ಅಂದಳು. “ನಾನು ಅರ್ಜೀಲಿ ಬರೀಲಿಲ್ಲ. ಅದು ನನ್ನ ತಪ್ಪು. ಅಮ್ಮ ಇಲ್ಲ ಅಂದಿದ್ದು ಅಭ್ಯಾಸಬಲ. ನೋಡಿದ್ದನ್ನ ನೋಡಿಲ್ಲ ಅಂತಾರೆ.”

ಹಿಂದೆ ಕೂತ ಮುದುಕಿ ಉಸಿರು ಬಿಟ್ಟದ್ದು ಕೇಳಿಸಿತು. ಪ್ರಮಾಣ ಮಾಡಿ ಹೇಳಿದ ಮಾತಿದು ಎಂದು ನ್ಯಾಯಾಧೀಶೆ ನೆನಪಿಸಿದರು. ಗದರಿಸಲಿಲ್ಲ, ಅದಕ್ಕೇ ನೋರೀನ್‌ಗೆ ಹೆಚ್ಚು ನಾಚಿಕೆಯಾಯಿತು. ಇನ್ನೊಂದು ಸಲ ಉತ್ತರ ಹೇಳಿ ಅಂದರು. ನಲವತ್ತನಾಲ್ಕು ವರ್ಷದ ಹೆಂಗಸು ಶಾಲೆಯ ಮಗುವಿನ ಹಾಗೆ ಎದ್ದು ನಿಂತು, ಹೌದು, ಒಂದು ರಾತ್ರಿ ಇದ್ದಳು, ಅಂದಳು. ಯಾಕೆ ಇಲ್ಲವೆಂದಿರಿ ಎಂಬುದಕ್ಕೆ, ಅವಳಿಗೆ ಅದೇ ಬೇಕೇನೋ ಅಂದುಕೊಂಡೆ, ಅಂದಳು. ಆಮೇಲೆ, ಯಾರೂ ಕೇಳದಿದ್ದರೂ, ಬಾಯಿ ಮುಚ್ಚಿಕೊಳ್ಳಬೇಕಾದ ಜಾಗದಲ್ಲಿ, ಇನ್ನೊಂದು ಮಾತು ಹೊರಬಿತ್ತು. “ಅಕ್ಟೋಬರಿನಲ್ಲಿ ನಾನು ರಸ್ತೆ ನೋಡ್ತಿರ್ಲಿಲ್ಲ. ಕನ್ನಡಿ ನೋಡ್ತಿದ್ದೆ. ಎಲ್ಲಾ ನೋಡಿದೆ.” ನ್ಯಾಯಾಧೀಶೆಗೆ ಇದು ಯಾವುದರ ಮಾತೆಂದು ತಿಳಿಯಲಿಲ್ಲ. ಅವರು ವಕೀಲನ ಕಡೆ ನೋಡಿದರು, ವಕೀಲನಿಗೂ ತಿಳಿಯಲಿಲ್ಲ. ಡಾರ್ಸಿ ಮಾತ್ರ ನಿಧಾನವಾಗಿ ಕೂತಳು.

ಆ ರಾತ್ರಿ ಮನೆಗೆ ಹೋಗಲು ಕಾರಣವೇನು ಎಂದು ನ್ಯಾಯಾಧೀಶೆ ಅವಳನ್ನು ಕೇಳಿದರು. ವಕೀಲ ಆತುರದಿಂದ, ಕರೆಂಟು ಹೋಗಿತ್ತು, ತುರ್ತು ಪರಿಸ್ಥಿತಿ ಎಂದು ಪರಿಗಣಿಸಬಹುದು, ಎಂದು ಶುರುಮಾಡಿದ.

“ಕರೆಂಟ್ ಹೋಗಿರ್ಲಿಲ್ಲ,” ಅಂದಳು ಡಾರ್ಸಿ, ಮೇಜಿಗೆ. “ಹೋಗಿದೆ ಅಂತ ಅಮ್ಮಂಗೆ ಸುಳ್ಳು ಹೇಳಿದೆ. ಸುಮ್ನೆ ಹೋದೆ.”

ನೋರೀನ್ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟಿನ ತೋಳನ್ನು ಹಿಡಿದುಕೊಂಡಳು. ಮಾರನೆಯ ಬೆಳಿಗ್ಗೆ ಪೆಕ್ ಕೊಟ್ಟಿಗೆಯ ದೀಪ ಉರಿಯುತ್ತಿದ್ದದ್ದನ್ನು ಅವಳು ನೋಡಿದ್ದಳು, ಕರೆಂಟು ವಾಪಸು ಬಂತಲ್ಲ ಪುಣ್ಯ ಎಂದುಕೊಂಡಿದ್ದಳು. ಸುಮ್ಮನೆ ಬಂದವಳಿಗೆ ಬೀನ್ಸ್ ಕೊಟ್ಟು ಸುಮ್ಮನೆ ಮಲಗಿಸಿದೆನಲ್ಲ, ಬಾಗಿಲ ಹತ್ತಿರ ನಿಂತು ಉಸಿರು ಕೇಳಿಸಿಕೊಂಡು ತಿರುಗಿ ಹೋದೆನಲ್ಲ, ಒಳಗೆ ಅವಳು ಎಚ್ಚರವಾಗಿದ್ದಳೋ ಏನೋ, ನಾನು ಒಳಗೆ ಬರಲೆಂದು ಕಾದಿದ್ದಳೋ ಏನೋ. ಮತ್ತೆ ಒಂದು ತಿರುವು ಪೂರ್ತಿ ಕಾದಳೇನೋ.

ಒಂದು ರಾತ್ರಿ ದೊಡ್ಡದಲ್ಲ, ಎಂದರು ನ್ಯಾಯಾಧೀಶೆ ಕೊನೆಗೆ. ಅದನ್ನು ತಾನು ಮನ್ನಿಸಬಹುದಿತ್ತು. ಆದರೆ ಸಹಿ ಮಾಡಿದ ಕಾಗದದಲ್ಲಿ ಒಂದೂ ಇಲ್ಲವೆಂದು ಬರೆದಿದೆ, ಸುಳ್ಳಿನ ಮೇಲೆ ಹುಡುಗಿಯ ಬಿಡುಗಡೆಯನ್ನು ಕಟ್ಟಲಾರೆ. ಜನವರಿ ಇಪ್ಪತ್ತರಿಂದ ಹೊಸದಾಗಿ ಮೂರು ತಿಂಗಳು. ಇನ್ನು ಆರು ವಾರ ಬಿಟ್ಟು, ಏಪ್ರಿಲ್ ಇಪ್ಪತ್ತೆರಡಕ್ಕೆ ಇಬ್ಬರೂ ಬನ್ನಿ. ಅಲ್ಲಿಯವರೆಗೆ ಒಂದು ರಾತ್ರಿಯೂ ಇರಕೂಡದು, ಇದ್ದರೆ ಮತ್ತೆ ಮೊದಲಿನಿಂದ. ಆಗಲೂ ಇದೇ ಬೇಕೆನ್ನಿಸಿದರೆ ಕೊಡುತ್ತೇನೆ, ಎಂದು ಡಾರ್ಸಿಗೆ ಹೇಳಿದರು. ಡಾರ್ಸಿ, ಬೇಕು, ಅಂದಳು. ತಡಮಾಡದೆ, ಯೋಚಿಸದೆ ಅಂದಳು. ನೋರೀನಳ ಎದೆಯ ಹಾಡು ಅಷ್ಟಕ್ಕೇ ನಿಂತಿತು. ಸುಮ್ಮನೆ ಬಂದದ್ದೂ ನಿಜ, ಬೇಕು ಅಂದದ್ದೂ ನಿಜ. ಎರಡೂ ಒಂದೇ ಹುಡುಗಿಯವು. ಎರಡನ್ನೂ ಒಟ್ಟಿಗೆ ಹೊರುವುದನ್ನು ಅವಳು ಕಲಿಯಬೇಕಿತ್ತು, ಅದಕ್ಕೆ ಆರು ವಾರ ಸಾಲದು.

ಹೊರಗಿನ ಪಡಸಾಲೆಯಲ್ಲಿ ಗುಮಾಸ್ತ ಹೊಸ ತಾರೀಖಿನ ಚೀಟಿ ಬರೆದು ಇಬ್ಬರಿಗೂ ಒಂದೊಂದು ಕೊಟ್ಟ. ವಕೀಲ ಮುನಿಸಿಕೊಂಡು ಹೊರಟುಹೋದ. ಮುದುಕಿ ಟ್ರಕ್ಕು ಬಿಸಿ ಮಾಡಲು ಹೋದಳು. ಡಾರ್ಸಿ ಚೀಟಿಯನ್ನು ಎರಡು ಸಲ ಓದಿ, ಗುಮಾಸ್ತನನ್ನು, ಹಗಲು ಹೋದರೂ ಲೆಕ್ಕಕ್ಕೆ ಹಿಡಿಯುತ್ತೀರಾ, ಎಂದು ಕೇಳಿದಳು. ಅವನು ಕನ್ನಡಕದ ಮೇಲಿಂದ ನೋಡಿ, ಹಗಲು ನೀನು ಯಾರ ಮನೇಲಿ ಊಟ ಮಾಡಿದ್ರೂ ಸರ್ಕಾರಕ್ಕೆ ಬೇಕಿಲ್ಲಮ್ಮ, ರಾತ್ರಿ ಮಲಗೋದು ಎಲ್ಲಿ ಅನ್ನೋದೊಂದೇ, ಅಂದ. ಅವಳು ತಲೆಯಾಡಿಸಿ ಟೊಪ್ಪಿಗೆ ಹಾಕಿಕೊಂಡಳು. ಬಾಗಿಲ ಕಡೆ ಹೋದಳು. ಅಲ್ಲಿ ನಿಂತು, ಬೆನ್ನು ಹಾಕಿಕೊಂಡೇ, ಭಾನುವಾರ ಪೆಕ್ ಅಜ್ಜಿ ತಂಗಿ ಮನೆಗೆ ಹೋಗ್ತಾರೆ, ಹಾಲು ಕರೆಯೋದು ಹತ್ತಕ್ಕೆಲ್ಲ ಮುಗಿಯುತ್ತೆ, ಅಂದಳು. ಅಷ್ಟೇ. ಅದು ಕರೆಯೋ, ಬರೀ ಸುದ್ದಿಯೋ, ನೋರೀನ್‌ಗೆ ತಿಳಿಯಲಿಲ್ಲ. ಬಾ ಎನ್ನಬೇಕೆನ್ನಿಸಿತು. ಬಾ ಎಂದರೆ ಮತ್ತೆ ಇರು ಎನ್ನಬೇಕೆನ್ನಿಸುತ್ತದೆ. ಆರು ವಾರ ಈ ಹುಡುಗಿಯನ್ನು ಬಂದಾಗಲೆಲ್ಲ ಸಂಜೆ ತನ್ನ ಕೈಯಾರೆ ಹೊರಗೆ ಕಳಿಸಬೇಕಾದವಳು ತಾನೇ.

“ನಾನೇ ಬಂದು ಕರ್ಕೊಂಡು ಹೋಗ್ತೀನಿ, ಕಾರಲ್ಲಿ,” ಅಂದಳು. “ಆರು ಗಂಟೆಗೆ, ಕತ್ತಲಾಗೋ ಮುಂಚೆ ವಾಪಸ್ ಬಿಡ್ತೀನಿ.”

ಡಾರ್ಸಿ ಬಾಗಿಲು ತಳ್ಳಿದಳು. ಹೊರಗಿನ ಬೆಳಕು, ಕರಗುವ ಹಿಮದ ನೀರಿನ ಸದ್ದು, ಎಲ್ಲ ಒಟ್ಟಿಗೆ ಒಳಗೆ ಬಂತು.

“ಹೋದ ಭಾನುವಾರ ಬೇಸಿಗೆಗೆ ಅಂತ ಎಲ್ರೂ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಟ್ರಲ್ಲಮ್ಮ,” ಅಂದಳು. “ಈಗ ಕತ್ತಲಾಗೋದು ಏಳಕ್ಕೆ.”